ಬ್ಯಾಂಕಾಕ್: ಒಂದು ಪಾದನೋಟ

ದೋಹಾದಲ್ಲಿ ಮನುಷ್ಯರು ನಡೆಯುವುದಿಲ್ಲ. ಯಾರಾದರೂ ನಡೆಯುವುದು ಕಂಡರೆ ಕಾರುಗಳು ಪಕ್ಕಕ್ಕೆ ಬಂದು ನಿಂತು, ಏನಾಯಿತು, ಗಾಡಿ ಕೆಟ್ಟಿತೇ ಎಂದು ವಿಚಾರಿಸುತ್ತವೆ. ಅಂಥ ಊರಿನಲ್ಲಿ ನಮ್ಮ ದೊರೆಸ್ವಾಮಿಯವರು ಮದೀನತ್ ಖಲೀಫಾದ ತಮ್ಮ ಮನೆಯಿಂದ ಮೂಲೆಯ ದಿನಸಿ ಅಂಗಡಿಯವರೆಗೆ ಕೊಡೆ ಹಿಡಿದು ನಡೆದೇ ಹೋಗುತ್ತಿದ್ದರು. ಇದು ಆರೋಗ್ಯದ ಮೇಲಿನ ಕಾಳಜಿಯಿಂದೇನಲ್ಲ. ಅವರಿಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿರಲಿಲ್ಲ.

ಸಿಗದಿದ್ದುದಕ್ಕೆ ಕಾರಣ ಅವರ ಸೌಜನ್ಯ. ದೊರೆಸ್ವಾಮಿ ಮೈಸೂರಿನವರು. ಟೆಸ್ಟಿನ ದಿನ ರೌಂಡಬೌಟಿನ ಬಾಯಿಗೆ ಬಂದು ಕಾರು ನಿಲ್ಲಿಸಿದರೆಂದರೆ, ಬರುವವರಿಗೆಲ್ಲ ಮೊದಲು ತಾವು ಹೋಗಿ ಎಂದು ಕೈ ಮಾಡುತ್ತಾ ಕೂತುಬಿಡುತ್ತಿದ್ದರು. ಪಕ್ಕದಲ್ಲಿ ಕೂತ ಪರೀಕ್ಷಕ ಮೊದಲು ಯಲ್ಲಾ, ಅಂದರೆ ನಡಿ, ಎನ್ನುತ್ತಿದ್ದ, ಸ್ವಲ್ಪ ಹೊತ್ತಿಗೆ ಯಲ್ಲಾ ಯಲ್ಲಾ ಎನ್ನುತ್ತಿದ್ದ, ಕೊನೆಗೆ ಖಲಾಸ್ ಎಂದು ಇಳಿದು ಹೋಗುತ್ತಿದ್ದ. ನಾನೂ ಅವರೂ ಒಂದೇ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದುದರಿಂದ ದಿನಾ ಬೆಳಿಗ್ಗೆ ನನ್ನ ಕಾರಿನಲ್ಲೇ ಅವರ ಸವಾರಿ. ಕೂತಲ್ಲಿಂದಲೇ ನನಗೆ ಹೇಗೆ ಓಡಿಸಬೇಕೆಂದು ಹೇಳಿಕೊಡುತ್ತಿದ್ದರು.

ಅವರ ಬೀದಿಯಲ್ಲೇ ದೂಮಪ್ಪನವರ ವಿಲ್ಲಾ. ಕಾರ್ಕಳದ ಕಡೆಯವರು, ಏಸಿ ಬಿಡಿಭಾಗಗಳ ವ್ಯಾಪಾರಿ, ನಮ್ಮ ಕನ್ನಡ ಬಳಗದ ಅಧ್ಯಕ್ಷರು. ಎದುರುಮನೆಗೆ ಮಗಳ ಹುಟ್ಟುಹಬ್ಬದ ಕರೆ ಹೇಳಲು ಲ್ಯಾಂಡ್ ಕ್ರೂಸರ್ ತೆಗೆದವರು ಇವರೇ. ಒಂದು ಶುಕ್ರವಾರ ಇವರ ಮನೆಯಲ್ಲಿ ನಮಗೆಲ್ಲ ಊಟ. ನೀರುದೋಸೆಗೆ ಕಾಯುತ್ತಾ ಕೂತಿದ್ದಾಗ ದೂಮಪ್ಪ ಮಾತು ತೆಗೆದರು.

"ಎಂತ ಮಾರಾಯ್ರೆ, ಇಷ್ಟು ವರ್ಷ ಆಯ್ತು, ಅಲ್ ಶಮಾಲಿನ ಸಮುದ್ರ ನೋಡ್ಲಿಲ್ಲ ಅಂತೀರಿ. ಕಾರಿಲ್ಲದ ಜನ ಊರು ನೋಡ್ಲಿಕ್ಕೆ ಉಂಟಾ?"

ಸುತ್ತ ಕೂತವರು ನಕ್ಕರು. ದೊರೆಸ್ವಾಮಿ ನಗಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ದೊಡ್ಡ ಸುಳ್ಳು ಬರುವ ಮೊದಲು ಅವರು ಹಾಗೆ ಮಾಡುವುದುಂಟು.

"ಕಾರಲ್ಲಿ ಕೂತೋನು ಊರು ನೋಡೋದಿಲ್ಲ ದೂಮಪ್ಪನವರೇ, ಸಿಗ್ನಲ್ ನೋಡ್ತಾನೆ. ಒಂದು ಊರಿನ ಸಂಸ್ಕೃತಿ ಗೊತ್ತಾಗ್ಬೇಕಾದ್ರೆ ನಡೀಬೇಕು. ನಾನು ಬ್ಯಾಂಕಾಕ್‌ನ ಪೂರ್ತಿ ಕಾಲಲ್ಲೇ ತಿರುಗಿ ನೋಡಿದೋನು."

ನಾನು ಪಾನಕದ ಲೋಟ ಕೆಳಗಿಟ್ಟೆ. ಏಕೆಂದರೆ ಹಿಂದಿನ ವರ್ಷ ಕಂಪನಿಯ ತರಬೇತಿಗೆಂದು ಬ್ಯಾಂಕಾಕಿಗೆ ಹೋದವರು ನಾವಿಬ್ಬರೇ, ಮತ್ತು ಇಬ್ಬರಿಗೂ ಒಂದೇ ಕೋಣೆ. ಹೋದ ಸಂಜೆಯೇ ಅವರು ಹಸಿ ಪಪ್ಪಾಯಿಯ ಕೋಸಂಬರಿಯನ್ನು ಹೊಗಳಿಕೊಂಡು ಎರಡು ಸಲ ಹಾಕಿಸಿಕೊಂಡು ತಿಂದರು. ಅದರಲ್ಲಿ ಒಣ ಸಿಗಡಿ ಇರುತ್ತದೆಂದು ಆಮೇಲೆ ತಿಳಿಯಿತು. ಹೊಟ್ಟೆ ಮೊದಲು ಕೆಟ್ಟಿತೋ ಮನಸ್ಸು ಮೊದಲು ಕೆಟ್ಟಿತೋ, ಅಂತೂ ಅಲ್ಲಿಂದಾಚೆ ಅವರು ಹೋಟೆಲಿನ ಹೊಸ್ತಿಲು ದಾಟಲಿಲ್ಲ. ತರಬೇತಿ ಅದೇ ಕಟ್ಟಡದಲ್ಲಿತ್ತು. ಉಳಿದ ಹೊತ್ತು ಕೋಣೆಯ ಕಿಟಕಿಯ ಮುಂದೆ ಕೂತು, ಮನೆಯಿಂದ ತಂದ ಹುಳಿಯವಲಕ್ಕಿ ಮೆಲ್ಲುತ್ತಾ ಬ್ಯಾಂಕಾಕನ್ನು ಮೇಲಿನಿಂದ ನೋಡಿದರು.

ಇದನ್ನು ನಾನು ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ಆ ವರ್ಷ ನನ್ನ ಹೆಂಡತಿ ಬಾಣಂತನಕ್ಕೆ ಊರಿಗೆ ಹೋಗಿದ್ದಳು, ನನ್ನ ರಾತ್ರಿಯೂಟ ದೊರೆಸ್ವಾಮಿಯವರ ಮನೆಯಲ್ಲೇ ನಡೆಯುತ್ತಿತ್ತು. ಅವರ ಶ್ರೀಮತಿ ಕಾಂತಾಮಣಿಯವರ ತಿಳಿಸಾರಿಗೆ ಎದುರಾಗಿ ಸತ್ಯ ಹೇಳುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಮತ್ತೊಂದು ಸಂಗತಿಯೂ ಇತ್ತು. ಅಡುಗೆಮನೆಯಿಂದ ಪಾಯಸದ ಪಾತ್ರೆ ತರುತ್ತಿದ್ದ ಕಾಂತಾಮಣಿಯವರು ಗಂಡನ ಮಾತು ಕೇಳಿ ಬಾಗಿಲಲ್ಲೇ ನಿಂತರು. ಬೇರೆ ಹೆಂಗಸರು ಗಂಡನ ಕಾರು, ಗಂಡನ ಪ್ರಮೋಷನ್ ಎಂದು ಹೇಳಿಕೊಳ್ಳುವಾಗ ಈಕೆಗೆ ಈವರೆಗೆ ಹೇಳಿಕೊಳ್ಳಲು ಇದ್ದದ್ದು ಒಂದೇ, ಅವರಿಗೆ ಶುಗರ್ ಇಲ್ಲ ಎನ್ನುವುದು. ಆ ದಿನ ಅವರ ಮುಖ ಅರಳಿದ ಬಗೆಯನ್ನು ನಾನು ನೋಡಿದೆ. ದೊರೆಸ್ವಾಮಿಯೂ ನೋಡಿದರು, ಮತ್ತು ಅಲ್ಲಿಂದ ಹಿಂದೆ ಬರುವ ದಾರಿ ಅವರಿಗೆ ಮುಚ್ಚಿಹೋಯಿತು.

ಮರುದಿನದಿಂದ ಕಾಂತಾಮಣಿ ಫೋನು ಹಿಡಿದರು. ನಮ್ಮೋರು ಬ್ಯಾಂಕಾಕನ್ನ ಕಾಲಲ್ಲೇ ತಿರುಗಿದ್ದಾರೆ ಎಂಬ ಮಾತು ವಾರದೊಳಗೆ ಪಕ್ಕದ ಪಟ್ಟಣ ಅಲ್ ರಯ್ಯಾನ್ ಮುಟ್ಟಿತು. ಅಲ್ಲಿಂದ ಸೈಮನ್ ಮತ್ತು ರೋಸ್‌ಮೇರಿ ಎಂಬ ಮಂಗಳೂರಿನ ದಂಪತಿ ಸಲಹೆ ಕೇಳಲು ಬಂದರು. ರೋಸ್‌ಮೇರಿಗೆ ರೇಷ್ಮೆ ಎಲ್ಲಿ ಒಳ್ಳೆಯದು ಎಂದು ತಿಳಿಯಬೇಕಿತ್ತು. ದೊರೆಸ್ವಾಮಿ ಕಣ್ಣು ಮುಚ್ಚಿ, ಎರಡನೇ ಎಡತಿರುವಿನಲ್ಲಿ ಒಬ್ಬ ಮುದುಕ ಇದ್ದಾನೆ ಎಂದರು. ಯಾವುದರ ಎರಡನೇ ಎಡತಿರುವು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆಮೇಲೆ ಬಳಗದವರು ಉಪನ್ಯಾಸ ಇಟ್ಟರು. ವಿಷಯ, 'ಬ್ಯಾಂಕಾಕ್: ಒಂದು ಪಾದನೋಟ'. ನಾನು ಹಿಂದಿನ ಸಾಲಿನಲ್ಲಿ ಬಾಗಿಲ ಪಕ್ಕ ಕೂತೆ, ಅಗತ್ಯ ಬಿದ್ದರೆ ಓಡಲು ಅನುಕೂಲ ಎಂದು. ಆದರೆ ದೊರೆಸ್ವಾಮಿ ಕಿಟಕಿಯಿಂದ ಕಂಡ ಒಂದೇ ಬೀದಿಯನ್ನು ಹಿಡಿದುಕೊಂಡು ಅದ್ಭುತವಾಗಿ ಮಾತಾಡಿದರು. ಬೆಳಗಿನ ಹೊತ್ತು ಬರಿಗಾಲಲ್ಲಿ ಭಿಕ್ಷೆಗೆ ಬರುವ ಭಿಕ್ಷುಗಳು, ತಳ್ಳುಗಾಡಿಯ ಮೇಲೆ ಹೊಗೆಯಾಡುವ ಪಾತ್ರೆ, ಎದುರುಬಾಲ್ಕನಿಯಲ್ಲಿ ಗಿಣಿಗೆ ಮಾತು ಕಲಿಸುವ ಅಜ್ಜಿ, ಎಲ್ಲವೂ ಇತ್ತು. ಒಂದೇ ಕೊರತೆಯೆಂದರೆ ಜನರ ವರ್ಣನೆಯೆಲ್ಲ ನೆತ್ತಿಯಿಂದ ಶುರುವಾಗುತ್ತಿತ್ತು. ಬ್ಯಾಂಕಾಕಿನಲ್ಲಿ ಬೋಳುತಲೆಯವರು ಬಹಳ ಎಂಬ ಅಭಿಪ್ರಾಯ ಸಭೆಯಲ್ಲಿ ಗಟ್ಟಿಯಾಯಿತು.

ಅಧ್ಯಕ್ಷ ಭಾಷಣಕ್ಕೆ ಎದ್ದ ದೂಮಪ್ಪ, ಬರುವ ಈದ್ ರಜೆಗೆ ಬಳಗದ ಪ್ರವಾಸ ಬ್ಯಾಂಕಾಕಿಗೆ, ಬಸ್ಸು ಗೈಡು ಏನೂ ಬೇಡ, ದೊರೆಸ್ವಾಮಿಯವರ ಹಿಂದೆ ನಡೆದೇ ನೋಡುವುದು ಎಂದು ಘೋಷಿಸಿದರು. ಅವರ ಮೀಸೆಯ ಕೆಳಗೆ ಒಂದು ನಗು ಇತ್ತು. ಸುಳ್ಳಿನ ವಾಸನೆ ವ್ಯಾಪಾರಿಗಳಿಗೆ ಬೇಗ ಹತ್ತುತ್ತದೆ. ದೊರೆಸ್ವಾಮಿ ಮೇಲೇಳುವ ಮೊದಲೇ ಕಾಂತಾಮಣಿ ಮುಂದಿನ ಸಾಲಿನಿಂದ ಎದ್ದು, ಖಂಡಿತ ಕರ್ಕೊಂಡ್ ಹೋಗ್ತಾರೆ ಎಂದು ಒಪ್ಪಿಕೊಂಡು ಕೂತರು.

ಮರುದಿನ ಆಫೀಸಿಗೆ ಹೋಗುವಾಗ ಕಾರಿನಲ್ಲಿ ನಾನು, ಈಗಲೂ ತಡವಾಗಿಲ್ಲ, ಕಾಲು ಉಳುಕಿತು ಎಂದುಬಿಡಿ ಎಂದೆ. ಅವರು ಸೀಟ್ ಬೆಲ್ಟನ್ನು ಇನ್ನೊಮ್ಮೆ ಎಳೆದು ಬಿಗಿ ಮಾಡಿಕೊಂಡರು. ಆಮೇಲೆ, "ಅವಳು ನನ್ನ ವಿಷಯ ಹೇಳಿಕೊಂಡಿದ್ದು ಇದೇ ಮೊದಲು ಕಣ್ರೀ. ಈಗ ಸುಳ್ಳು ಅಂತಾದ್ರೆ ಅವಳು ಆ ಹೆಂಗಸರ ಮುಂದೆ ಹೆಂಗೆ ತಲೆ ಎತ್ತುತ್ತಾಳೆ," ಎಂದರು. ನಾನು ಗೇರು ಬದಲಿಸಿದೆ.

ಹೀಗೆ ಎರಡು ಸಾವಿರದ ಏಳರ ಅಕ್ಟೋಬರಿನಲ್ಲಿ ನಮ್ಮ ತಂಡ ಬ್ಯಾಂಕಾಕಿನಲ್ಲಿ ಇಳಿಯಿತು. ದೊರೆಸ್ವಾಮಿ ದಂಪತಿ, ದೂಮಪ್ಪ ಮತ್ತು ಅವರ ಹೆಂಡತಿ ವಾರಿಜಾಕ್ಷಿ, ಸೈಮನ್ ಮತ್ತು ರೋಸ್‌ಮೇರಿ, ವಾರಿಜಾಕ್ಷಿಯವರ ಇಬ್ಬರು ಗೆಳತಿಯರು, ಜೊತೆಗೆ ನಾನು. ಮೊದಲ ಬೆಳಿಗ್ಗೆ ಹೋಟೆಲಿನ ಕೆಳಗೆ ಎಲ್ಲರನ್ನೂ ನಿಲ್ಲಿಸಿಕೊಂಡು ನಾಯಕರು ಒಂದು ಸೂಚನೆ ಕೊಟ್ಟರು. ಯಾರಾದರೂ ತಪ್ಪಿಸಿಕೊಂಡರೆ ಗಾಬರಿಯಾಗಬೇಡಿ, ಸೀದಾ ರೌಂಡಬೌಟಿಗೆ ಬಂದು ನಿಲ್ಲಿ.

ಎಲ್ಲರೂ ತಲೆಯಾಡಿಸಿದರು. ಇದು ದೋಹಾದ ಜನ ಮಾತ್ರ ಮಾಡಬಲ್ಲ ತಪ್ಪು. ನಮ್ಮಲ್ಲಿ ಬೀದಿಯ ಹೆಸರು, ಮನೆ ನಂಬರು ಯಾರಿಗೂ ಬೇಡ. ಯಾರ ಮನೆಗೆ ಹೋಗಬೇಕಾದರೂ ರೌಂಡಬೌಟಿನಿಂದ ಎರಡನೇ ದಾರಿ, ರೌಂಡಬೌಟ್ ದಾಟಿ ಮಸೀದಿಯ ಹಿಂದೆ ಎಂದೇ ಹೇಳುವುದು. ತಮ್ಮ ಮನೆಯ ಹತ್ತಿರದ್ದೇ ಜಗತ್ತಿನ ಏಕೈಕ ರೌಂಡಬೌಟ್ ಎಂದು ಪ್ರತಿಯೊಬ್ಬರೂ ನಂಬಿರುವುದರಿಂದ, ಯಾವ ರೌಂಡಬೌಟ್ ಎಂಬ ಪ್ರಶ್ನೆ ನಮ್ಮ ಬಾಯಿಗೆ ಬರುವುದೇ ಇಲ್ಲ. ರೋಮಿಂಗ್ ಬಿಲ್ಲಿಗೆ ಹೆದರಿ ಮೊಬೈಲುಗಳನ್ನೆಲ್ಲ ಕೋಣೆಯಲ್ಲೇ ಮಲಗಿಸಿ ನಾವು ಹೊರಟೆವು.

ಸ್ವಲ್ಪ ದೂರ ಎಲ್ಲವೂ ಗಂಭೀರವಾಗಿ ನಡೆಯಿತು. ದೊರೆಸ್ವಾಮಿ ಮುಂದೆ, ಒಂದು ಗೊತ್ತಿಲ್ಲದ ಬೀದಿಯಿಂದ ಇನ್ನೊಂದು ಗೊತ್ತಿಲ್ಲದ ಬೀದಿಗೆ, ತಾತನ ಆಸ್ತಿಯಲ್ಲಿ ಓಡಾಡುವವರ ಹಾಗೆ. ಒಂದು ತಿರುವು ದಾಟಿದಾಗ ಎದುರಿಗೆ ದೊಡ್ಡ ನದಿ ಬಂತು. ಅವರು ಗಕ್ಕನೆ ನಿಂತು, "ಇಲ್ಲೊಂದು ಹೊಳೆ ಇದೆಯಾ?" ಎಂದು ಹೆಂಡತಿಯನ್ನೇ ಕೇಳಿದರು. ಕಾಂತಾಮಣಿ ಅವರ ಮುಖ ಒಮ್ಮೆ ನೋಡಿ, ಬಿಸಿಲು ಜೋರಾಗ್ತಿದೆ, ನಡೀರಿ ಎಂದರು.

ನದಿಯ ದಂಡೆಯಲ್ಲೇ ಹೂವಿನ ಸಂತೆ. ಅಲ್ಲಿಗೆ ನಮ್ಮ ಶಿಸ್ತು ಮುಗಿಯಿತು. ದೋಹಾದಲ್ಲಿ ಮಲ್ಲಿಗೆ ಎಂದರೆ ವಿಮಾನದಲ್ಲಿ ಬಂದು, ಫ್ರಿಜ್ಜಿನಲ್ಲಿ ಕೂತು, ಮುಡಿಗೇರುವ ಹೊತ್ತಿಗೆ ಕಂದಿಹೋಗುವ ಒಂದು ಗೇಣು. ಇಲ್ಲಿ ಬುಟ್ಟಿಗಟ್ಟಲೆ, ಚೀಲಗಟ್ಟಲೆ ಸುರಿದಿದ್ದರು. ವಾರಿಜಾಕ್ಷಿ ಒಂದು ಸಲ ಉಸಿರೆಳೆದುಕೊಂಡು, ನಮ್ಮೂರಿನ ಮಲ್ಲಿಗೆ ಲೆಕ್ಕದಲ್ಲಿ ಎಷ್ಟು ಅಟ್ಟೆ ಆಗಬಹುದು ಇದು ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾ ಗೆಳತಿಯರೊಂದಿಗೆ ಒಳಗೆ ನುಗ್ಗಿದರು. ದೂಮಪ್ಪ ಬೇರೆ ದಿಕ್ಕಿಗೆ ಸರಿದರು. ಅಲ್ಲಿ ಪ್ರತಿ ಅಂಗಡಿಯ ಮೂಲೆಯಲ್ಲೂ ಕಂಬದ ಮೇಲೊಂದು ಪುಟ್ಟ ಗುಡಿ, ಅದರ ಮುಂದೆ ಕೆಂಪು ಸೋಡಾದ ಬಾಟಲಿ, ಬಾಟಲಿಗೆ ಸ್ಟ್ರಾ. ಜಾಗ ಕಾಯುವ ದೇವತೆಗೆ ಇಟ್ಟದ್ದು. ದೂಮಪ್ಪ ಚಪ್ಪಲಿ ಕಳಚಿ, ಇದು ನಮ್ಮ ದೈವವೇ, ನಾವು ಎಳನೀರಿನ ಬೊಂಡ ಇಡುವುದು, ಇವರು ಸೋಡಾ ಇಡುವುದು ಎಂದು ಭಕ್ತಿಯಿಂದ ಕೈಮುಗಿದರು. ಒಂದಕ್ಕೆ ಮುಗಿದು ಮುಂದಿನದಕ್ಕೆ ಮುಗಿಯದಿದ್ದರೆ ಅದಕ್ಕೆ ಸಿಟ್ಟು ಬರಬಹುದೆಂದು ಒಂದೊಂದಕ್ಕೂ ಮುಗಿಯುತ್ತಾ ಹೋದರು.

ದೊರೆಸ್ವಾಮಿ ಹೂವಿನ ಸಂಸ್ಕೃತಿಯ ಬಗ್ಗೆ ಎರಡು ಮಾತಾಡಿ ತಿರುಗಿ ನೋಡಿದಾಗ ಕೇಳುಗ ನಾನೊಬ್ಬನೇ ಉಳಿದಿದ್ದೆ. ಕಾಂತಾಮಣಿಯೂ ಇರಲಿಲ್ಲ.

ಅವರು ಬುಟ್ಟಿಗಳ ನಡುವೆ ಕಾಂತಾ ಕಾಂತಾ ಎಂದು ಕೂಗುತ್ತಾ ಹೋದರು. ಸ್ವಲ್ಪ ಹೊತ್ತು ಹುಡುಕಿ, ಎಲ್ಲರೂ ರೌಂಡಬೌಟಿಗೆ ಹೋಗಿರುತ್ತಾರೆ, ಸದ್ಯ ಹೇಳಿಟ್ಟಿದ್ದೆನಲ್ಲ ಎಂದು ಸಮಾಧಾನ ತಂದುಕೊಂಡರು. ನಾನು ಆಗ, ಯಾವ ರೌಂಡಬೌಟ್ ಎಂದು ಕೇಳಿದೆ. ಬಳಗದ ಇತಿಹಾಸದಲ್ಲಿ ಆ ಪ್ರಶ್ನೆ ಕೇಳಿದವನು ನಾನೇ ಮೊದಲಿಗ.

ಭಾಷೆ ಇಲ್ಲ. ದೊರೆಸ್ವಾಮಿ ಒಬ್ಬ ಹೂವಿನವಳ ಮುಂದೆ ನಿಂತು ಗಾಳಿಯಲ್ಲಿ ಬೆರಳಿನಿಂದ ಒಂದು ವೃತ್ತ ಬರೆದರು, ಆಮೇಲೆ ಕಾರು ಸುತ್ತುವ ಹಾಗೆ ತಾವೇ ಒಂದು ಸುತ್ತು ಬಂದರು. ಅವಳು ನಕ್ಕು ಉತ್ತರಕ್ಕೆ ಕೈ ತೋರಿಸಿದಳು. ಪಕ್ಕದವಳು ಪೂರ್ವಕ್ಕೆ ತೋರಿಸಿದಳು. ಇಬ್ಬರಿಗೂ ಸಣ್ಣ ಜಗಳವಾಯಿತು. ಬ್ಯಾಂಕಾಕಿನಲ್ಲಿ ರೌಂಡಬೌಟು ಒಂದಲ್ಲ ಎಂಬುದು ಹೀಗೆ ನಮಗೆ ತಿಳಿಯಿತು.

ಮೊದಲು ಉತ್ತರಕ್ಕೆ ನಡೆದೆವು. ದೊಡ್ಡ ಸ್ಮಾರಕವೊಂದರ ಸುತ್ತ ವಾಹನಗಳು ಸುತ್ತುತ್ತಿದ್ದ ಆ ವೃತ್ತದ ಪಕ್ಕದ ಫುಟ್‌ಪಾತಿನಲ್ಲಿ ಜನ ಮುತ್ತಿಕೊಂಡಿದ್ದರು. ನಡುವೆ ವಾರಿಜಾಕ್ಷಿ ಮತ್ತು ಗೆಳತಿಯರು. ಮೊಣಕೈವರೆಗೆ ಮಲ್ಲಿಗೆ ಮಾಲೆ ಇಳಿಬಿಟ್ಟುಕೊಂಡು ನಿಂತಿದ್ದವರನ್ನು ಹೂ ಮಾರುವವರೆಂದು ಜನ ತಿಳಿದಿದ್ದರು. ಮಾರುವುದಿಲ್ಲ ಎಂದು ಹೇಳಲು ಬಾರದೆ ವಾರಿಜಾಕ್ಷಿ ಒಂದೊಂದು ತುಂಡು ಹರಿದು ಪುಕ್ಕಟೆ ಕೊಡುತ್ತಿದ್ದರು. ಹೆಂಗಸರಿಗೆ ತಾವೇ ಮುಡಿಸುತ್ತಲೂ ಇದ್ದರು. ನಮ್ಮನ್ನು ನೋಡಿ, ಇಷ್ಟು ಬೇಗ ಎಂತಕ್ಕೆ ಬಂದದ್ದು, ಇನ್ನೂ ಸ್ವಲ್ಪ ಹೂ ಉಂಟು ಎಂದು ಬೇಸರಪಟ್ಟರು.

ಅಲ್ಲಿಂದ ಐವರಾಗಿ ಪೂರ್ವದ ವೃತ್ತಕ್ಕೆ. ದಾರಿಯಲ್ಲಿ ಚೀನೀಯರ ಬೀದಿ, ಎಲ್ಲೆಲ್ಲೂ ಹಳದಿ ಬಾವುಟ. ಆ ವಾರ ಅವರ ಶಾಕಾಹಾರದ ಹಬ್ಬ, ಹಳದಿ ಬಾವುಟ ಇದ್ದಲ್ಲಿ ಮಾಂಸ ಮೀನು ಇಲ್ಲ ಎಂದು ಒಬ್ಬ ಅಂಗಡಿಯವನು ಮುರುಕು ಇಂಗ್ಲಿಷಿನಲ್ಲಿ ಹೇಳಿದಾಗ ದೊರೆಸ್ವಾಮಿ ಅವನ ಎರಡೂ ಕೈ ಹಿಡಿದುಕೊಂಡರು. ಒಂದು ವರ್ಷದ ಭಯ ಅಲ್ಲೇ ಇಳಿಯಿತು. ಬಾವುಟ ಕಂಡಲ್ಲೆಲ್ಲ ನಿಂತು ತಿಂದರು. ಎರಡನೇ ವೃತ್ತದ ಬದಿಯ ಅಂಗಡಿಯಲ್ಲಿ ಸೈಮನ್ ಮತ್ತು ರೋಸ್‌ಮೇರಿ ಆಗಲೇ ಊಟಕ್ಕೆ ಕೂತಿದ್ದರು. ಮೀನಿಲ್ಲದೆ ಅನ್ನ ಮುಟ್ಟದ ಸೈಮನ್, ಸೋಯಾದಲ್ಲಿ ಮಾಡಿದ ಸುಳ್ಳು ಮೀನನ್ನು ಚಪ್ಪರಿಸುತ್ತಾ, ಇಂಥ ತಾಜಾ ಮೀನು ಮಂಗಳೂರಿನ ಬಂದರಿನಲ್ಲೂ ಸಿಗದು ಎನ್ನುತ್ತಿದ್ದರು. ರೋಸ್‌ಮೇರಿ ನಮಗೆ ಕಣ್ಣಲ್ಲೇ ಸನ್ನೆ ಮಾಡಿದರು. ಆ ಗುಟ್ಟನ್ನು ಇಂದಿನವರೆಗೂ ಯಾರೂ ಒಡೆದಿಲ್ಲ.

ಇನ್ನು ಉಳಿದವರು ದೂಮಪ್ಪ ಮತ್ತು ಕಾಂತಾಮಣಿ. ಸಂಜೆಯಾಗುತ್ತಾ ಬಂದಿತ್ತು. ದೊರೆಸ್ವಾಮಿಯ ಚಪ್ಪಲಿಯ ಉಂಗುಟ ಕಿತ್ತು, ಅದನ್ನು ಮಲ್ಲಿಗೆಯ ದಾರದಲ್ಲಿ ಕಟ್ಟಿಕೊಂಡಿದ್ದರು. ಪೊಲೀಸರಿಗೆ ಹೇಳೋಣ ಎಂದರು ಸೈಮನ್. ದೊರೆಸ್ವಾಮಿ ಕನ್ನಡಕ ತೆಗೆಯಲಿಲ್ಲ, ಒರೆಸಲಿಲ್ಲ. ನೇರವಾಗಿ ಯೋಚಿಸಿದರು.

"ದೂಮಪ್ಪನವರು ಯಾವತ್ತಾದ್ರೂ ಚಿಕ್ಕದು ಕೇಳಿದ್ದುಂಟೇನ್ರೀ? ಕಾರು ದೊಡ್ಡದು, ಟೀವಿ ದೊಡ್ಡದು. ರೌಂಡಬೌಟೂ ದೊಡ್ಡದೇ ಕೇಳಿರ್ತಾರೆ."

ಅಂಗಡಿಯಾಕೆಯ ಮುಂದೆ ನಿಂತು ಅವರು ಗಾಳಿಯಲ್ಲಿ ವೃತ್ತ ಬರೆದರು. ಆಕೆ ಹೊರಗಿನದನ್ನೇ ತೋರಿಸಿದಳು. ಇವರು ಅದಲ್ಲವೆಂದು ತಲೆಯಾಡಿಸಿ, ಎರಡೂ ಕೈ ಚಾಚಿ, ಬಾವಿಯಷ್ಟು ದೊಡ್ಡ ವೃತ್ತ ಬರೆದರು. ಆಕೆ ಗೊತ್ತಾಯಿತೆಂದು ನಕ್ಕು ನದಿಯ ಆಚೆಗೆ ಕೈ ಮಾಡಿದಳು.

ಆಗ ನಡೆದದ್ದೇ ನಡಿಗೆ. ಮುಂದೆ ಕುಂಟುತ್ತಾ ದೊರೆಸ್ವಾಮಿ, ಹಿಂದೆ ಹೂವಿನ ಹೆಂಗಸರು, ಅವರ ಹಿಂದೆ ಹೊಟ್ಟೆ ತುಂಬಿದ ಸೈಮನ್. ಸೇತುವೆಯ ಮೇಲೆ ಗಾಳಿ ಬೀಸುತ್ತಿತ್ತು. ಕೆಳಗೆ ದೋಣಿಗಳು, ಎದುರು ದಂಡೆಯಲ್ಲಿ ಚರ್ಚಿನ ಗುಮ್ಮಟ, ಪಕ್ಕದಲ್ಲಿ ಬುದ್ಧ ದೇವಾಲಯದ ಗೋಪುರ. ಯಾರೂ ಏನೂ ಕೇಳಲಿಲ್ಲ, ದೊರೆಸ್ವಾಮಿಯೂ ಏನೂ ವಿವರಿಸಲಿಲ್ಲ. ಆ ಸಂಜೆ ನನಗೆ ಆ ಊರು ಬಹಳ ಇಷ್ಟವಾಯಿತು. ಕುಂಟುತ್ತಿದ್ದ ಆ ಮನುಷ್ಯನೂ ಇಷ್ಟವಾದರು.

ವೃತ್ತಕ್ಕೆ ಕಾಲಿಟ್ಟಾಗ ಆರು ಗಂಟೆ. ನಡುವಿನ ಹುಲ್ಲುಹಾಸಿನಲ್ಲಿ ನೂರಾರು ಜನ ಅಲುಗಾಡದೆ ನಿಂತಿದ್ದರು. ಧ್ವನಿವರ್ಧಕದಲ್ಲಿ ಅವರ ರಾಷ್ಟ್ರಗೀತೆ. ಆ ಊರಿನಲ್ಲಿ ಸಂಜೆ ಆ ಹೊತ್ತಿಗೆ ಎಲ್ಲರೂ ಹಾಗೆ ನಿಲ್ಲುತ್ತಾರೆ. ನಾವೂ ನಿಂತೆವು. ಅಷ್ಟರಲ್ಲಿ ವಾರಿಜಾಕ್ಷಿ ನನ್ನ ತೋಳು ಹಿಂಡಿದರು. ಬಿಗಿಯುಡುಪಿನ ಹೆಂಗಸರ ಸಾಲಿನ ನಡುವೆ, ಬನಿಯನ್ ಮತ್ತು ಬರ್ಮುಡಾದಲ್ಲಿ, ಎದೆ ಸೆಟೆಸಿ ನಿಂತಿದ್ದರು ಕನ್ನಡ ಬಳಗದ ಅಧ್ಯಕ್ಷರು.

ಗೀತೆ ಮುಗಿಯಿತು. ಡಬ ಡಬ ಎಂದು ಬೇರೆ ಸಂಗೀತ, ಸಂಜೆಯ ಸಾಮೂಹಿಕ ವ್ಯಾಯಾಮದ್ದು, ಶುರುವಾಯಿತು. ವೇದಿಕೆಯ ಮೇಲಿನ ಹುಡುಗಿ ಕೈ ಎತ್ತಿದಳು, ನೂರಾರು ಜನ ಕೈ ಎತ್ತಿದರು, ದೂಮಪ್ಪನೂ ಎತ್ತಿದರು. ಎದುರುಮನೆಗೆ ಕಾರಿನಲ್ಲಿ ಹೋಗುವ ಮನುಷ್ಯ ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು ಹೆಜ್ಜೆ ಕುಣಿಯುತ್ತಿದ್ದರು. ವಾರಿಜಾಕ್ಷಿ ಬೆವರೊರೆಸಲು ಹೋದರೆ, ಈಗ ಮಾತಾಡಿಸ್ಬೇಡ, ಸ್ಟೆಪ್ಪು ತಪ್ಪುತ್ತದೆ ಎಂದು ಗದರಿದರು.

ಪಕ್ಕದ ಕಲ್ಲುಬೆಂಚಿನ ಮೇಲೆ ಕಾಂತಾಮಣಿ ದೂಮಪ್ಪನವರ ಅಂಗಿ, ಚಪ್ಪಲಿ, ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಸಂತೆಯಲ್ಲಿ ದೂಮಪ್ಪ ಒಬ್ಬರೇ ಹೋಗುವುದನ್ನು ಕಂಡು, ನಾಯಕರ ಮನೆಯವಳಾಗಿ ಬಿಡಬಾರದೆಂದು ಹಿಂದೆ ಹೋದವರು. ದೂಮಪ್ಪ ಇವರೊಂದಿಗೆ ಟುಕ್‌ಟುಕ್ ಆಟೋ ಹತ್ತಿ ಕೈಯಗಲಿಸಿ ದೊಡ್ಡ ರೌಂಡಬೌಟ್ ಎಂದದ್ದೂ ನಿಜ, ಇಲ್ಲಿಗೆ ಬಂದದ್ದೂ ನಿಜ.

ದೊರೆಸ್ವಾಮಿ ಹೆಂಡತಿಯ ಪಕ್ಕ ಕುಸಿದು ಕೂತರು. ನಾನು ಹಿಂದೆಯೇ ಇದ್ದೆ, ಕೇಳಿಸಿಕೊಂಡೆ.

"ಕಾಂತಾ, ಹೋದ ಸಲ ನಾನು ಹೋಟೆಲ್ ಬಿಟ್ಟು ಹೊರಗೇ ಬಂದಿರಲಿಲ್ಲ ಕಣೆ."

"ಗೊತ್ತಾಯ್ತು. ಹೊಳೆ ನೋಡಿ ನನ್ನನ್ನೇ ಕೇಳಿದ್ರಲ್ಲ, ಆಗಲೇ."

"ಮತ್ತೆ ಸುಮ್ನಿದ್ದೆ?"

ಕಾಂತಾಮಣಿ ಗಂಡನ ಕಾಲು ನೋಡಿದರು. ಬೊಬ್ಬೆ ಎದ್ದಿತ್ತು, ಹೂದಾರದಲ್ಲಿ ಕಟ್ಟಿದ ಚಪ್ಪಲಿ, ಮೊಣಕಾಲವರೆಗೆ ಮೂರು ಬೀದಿಯ ಕೆಸರು. "ಊರಿಗೆಲ್ಲ ಹೇಳಿದ್ದು ನಾನು. ಅದು ನಿಜ ಆಗೋವರೆಗೂ ನಿಮ್ಮನ್ನ ನಡೆಸ್ಬೇಕಿತ್ತಲ್ಲ," ಎಂದು ಸೆರಗಿನ ತುದಿಯಿಂದ ಅವರ ಹಣೆ ಒರೆಸಿದರು. ದೊರೆಸ್ವಾಮಿ ಅತ್ತರೋ ನಕ್ಕರೋ ಹೇಳುವುದು ಕಷ್ಟ.

ಮರುದಿನ ನಾಯಕರು ಕಾಲಿಗೆ ಎಣ್ಣೆ ಹಚ್ಚಿಕೊಂಡು ಮಧ್ಯಾಹ್ನದವರೆಗೆ ಮಲಗುವುದೆಂದು ನಿಶ್ಚಯಿಸಿದ್ದರು. ಬೆಳಕು ಹರಿಯುತ್ತಲೇ ಬಾಗಿಲು ಬಡಿದ ಸದ್ದು. ಗಂಡಹೆಂಡತಿ ಇಬ್ಬರೂ ಕೆಳಗೆ ಬಂದು ನೋಡಿದರೆ ಇಡೀ ತಂಡ ಸಾಲಾಗಿ ನಿಂತಿದೆ. ಹೆಂಗಸರು ಖಾಲಿ ಚೀಲ ತಂದಿದ್ದಾರೆ, ಸೈಮನ್ ಹಸಿದುಕೊಂಡು ಬಂದಿದ್ದಾರೆ. ಎಲ್ಲರ ಮುಂದೆ ದೂಮಪ್ಪ, ಹೊಸ ಕ್ಯಾನ್ವಾಸ್ ಬೂಟಿನ ಲಾಡಿ ಬಿಗಿದು, ಮೀಸೆಯ ಕೆಳಗೆ ಈ ಸಲ ಯಾವ ನಗುವೂ ಇಲ್ಲದೆ, ಬಹಳ ವಿನಯದಿಂದ ಕೇಳಿದರು.

"ಸ್ವಾಮಿಯವ್ರೆ, ಇವತ್ತು ನಾವು ಎಲ್ಲಿ ಕಳೆದುಹೋಗುವುದು?"

ದೊರೆಸ್ವಾಮಿ ಬಾಯಿ ತೆರೆದರು. ಮಾತು ಹೊರಡುವ ಮೊದಲೇ ಕಾಂತಾಮಣಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು.

"ಮೊದಲೇ ಹೇಳಿಬಿಟ್ರೆ ನೀವು ಹೆಂಗೆ ಕಳೆದುಹೋಗ್ತೀರಿ ದೂಮಪ್ಪನವರೇ? ಸುಮ್ನೆ ಇವರ ಹಿಂದೆ ಬನ್ನಿ."